ಬೀಗ ಬಿದ್ದ ಡಿಸ್ಕನ್ನು ಸತ್ತಿದೆ ಅಂತ ಎಸೆಯಬೇಡಿ: ಮಾಡ್ ಮಾಡಿದ ಹಳೇ ಎಕ್ಸ್‌ಬಾಕ್ಸ್ ರಿಪೇರಿ

ನಮ್ಮ ದೊಡ್ಡಪ್ಪನ ಮಗ 2004ರಲ್ಲಿ ಅಮೆರಿಕದಿಂದ ಬರುವಾಗ ಒಂದು ಎಕ್ಸ್‌ಬಾಕ್ಸ್ ತಂದಿದ್ದ. ಕಪ್ಪು ಬಣ್ಣದ, ಇಟ್ಟಿಗೆಯಂತೆ ಭಾರವಾದ ಮೈಕ್ರೋಸಾಫ್ಟ್ ಕಂಪನಿಯ ಮೊದಲ ತಲೆಮಾರಿನ ವಿಡಿಯೋ ಗೇಮ್ ಪೆಟ್ಟಿಗೆ. ಅಲ್ಲೇ ಅದಕ್ಕೆ ಮಾಡ್‌ಚಿಪ್, ಅಂದರೆ ಕಂಪನಿ ಒಪ್ಪದ ಸಾಫ್ಟ್‌ವೇರನ್ನೂ ಓಡಿಸಲು ಒಳಗೆ ಬೆಸೆಯುವ ಚಿಪ್, ಹಾಕಿಸಿದ್ದ. ಕೆಲವು ವರ್ಷ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಟಿವಿಯಲ್ಲಿ ಬರೀ ಒಂದು ನಂಬರು ಬಂದು ನಿಂತಿತು. ಅಂಗಡಿಯೊಂದಕ್ಕೆ ಕೊಟ್ಟೆವು. ಅವರು ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿ ನೋಡಿದರು. ಓದೋಕೆ ಆಗಲಿಲ್ಲ, ಫಾರ್ಮ್ಯಾಟ್ ಮಾಡೋಕೂ ಆಗಲಿಲ್ಲ. "ಡಿಸ್ಕ್ ಸತ್ತಿದೆ" ಅಂದರು. ನಾವೂ ನಂಬಿ ಆ ಡಿಸ್ಕನ್ನು ಅಲ್ಲೇ ಬಿಟ್ಟು ಬಂದೆವು.

ಆ ಡಿಸ್ಕ್ ಸತ್ತಿರಲಿಲ್ಲ. ಅದಕ್ಕೆ ಬೀಗ ಬಿದ್ದಿತ್ತು, ಅಷ್ಟೇ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದರೊಳಗೆ ನಮ್ಮಿಬ್ಬರ ಆಟಗಳ ಸೇವ್ ಫೈಲುಗಳೆಲ್ಲ ಇದ್ದವು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ. ಇನ್ನೊಬ್ಬರಿಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಬೀಗದ ವಿಷಯ

2001ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಎಕ್ಸ್‌ಬಾಕ್ಸ್ ಒಳಗಿನಿಂದ ಬಹುಮಟ್ಟಿಗೆ ಒಂದು ಪಿಸಿಯೇ. 733 ಮೆಗಾಹರ್ಟ್ಸ್‌ನ ಇಂಟೆಲ್ ಪ್ರೊಸೆಸರ್, 64 ಎಂಬಿ ರ‍್ಯಾಮ್, 8 ಅಥವಾ 10 ಜಿಬಿಯ ಮಾಮೂಲಿ ಐಡಿಇ (ಹಳೇ ಪಿಸಿಗಳ ಅಗಲ ಪಟ್ಟಿ ಕೇಬಲ್ಲಿನ) ಹಾರ್ಡ್ ಡಿಸ್ಕ್. ಆದರೆ ಆ ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಕಳಿಸುತ್ತಿದ್ದರು. ಇದು ಫೋಲ್ಡರಿಗೆ ಹಾಕುವಂಥ ಪಾಸ್‌ವರ್ಡ್ ಅಲ್ಲ. ಡಿಸ್ಕಿನ ಸರ್ಕ್ಯೂಟೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರಿಗೆ ಹಾಕಿದರೆ ಡಿಸ್ಕಿನ ಹೆಸರು ಕಾಣುತ್ತದೆ, ತಿರುಗುವ ಸದ್ದೂ ಕೇಳುತ್ತದೆ. ಆದರೆ ಒಂದು ಬೈಟ್ ಕೂಡ ಓದಲು ಕೊಡುವುದಿಲ್ಲ. ತಿಳಿಯದವರು ನೋಡಿದರೆ ಕೆಟ್ಟಿದೆ ಅಂತಲೇ ಅಂದುಕೊಳ್ಳುತ್ತಾರೆ.

ಬೀಗದ ಕೈ ಇರೋದು ಮದರ್‌ಬೋರ್ಡಿನ ಈಪ್ರಾಮ್ ಅನ್ನೋ ಪುಟ್ಟ ಚಿಪ್ಪಿನಲ್ಲಿ. ಅದರ ಜಾಗ ಒಟ್ಟು 256 ಬೈಟ್. ಅದರಲ್ಲಿ 16 ಬೈಟಿನ ಒಂದು ಕೀ ಇರುತ್ತದೆ. ಆ ಕೀ, ಡಿಸ್ಕಿನ ಮಾಡೆಲ್ ನಂಬರು, ಸೀರಿಯಲ್ ನಂಬರು ಇವಿಷ್ಟನ್ನೂ ಕಲಸಿ ಪೆಟ್ಟಿಗೆ ಪ್ರತಿ ಸಲ ಪಾಸ್‌ವರ್ಡ್ ತಯಾರಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಪೆಟ್ಟಿಗೆಯ ಡಿಸ್ಕ್ ನನ್ನ ಪೆಟ್ಟಿಗೆಯಲ್ಲಿ ತೆರೆಯುವುದಿಲ್ಲ. ಆದರೆ ಒಂದು ಪೆಟ್ಟಿಗೆಯ ಈಪ್ರಾಮಿನ ಕಾಪಿ ನಿಮ್ಮ ಕೈಲಿದ್ದರೆ ಅದರ ಡಿಸ್ಕಿನ ಬೀಗವನ್ನು ತೆಗೆಯಬಹುದು, ಹೊಸದಾಗಿ ಹಾಕಬಹುದು.

ನಿಮ್ಮ ಪೆಟ್ಟಿಗೆ ಈಗ ಸರಿಯಾಗಿ ಓಡುತ್ತಿದ್ದರೆ ಮುಂದೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಮಾಡ್ ಮಾಡಿದ ಡ್ಯಾಶ್‌ಬೋರ್ಡಿನಲ್ಲಿ (ಆನ್ ಮಾಡಿದಾಗ ಬರುವ ಮುಖ್ಯ ಮೆನು) ಈಪ್ರಾಮ್ ಬ್ಯಾಕಪ್ ಅನ್ನೋ ಆಯ್ಕೆ ಇರುತ್ತದೆ. ಅದನ್ನು ಒತ್ತಿ. ಬಂದ ಫೈಲನ್ನು ಎಫ್‌ಟಿಪಿ (ನೆಟ್‌ವರ್ಕಿನಲ್ಲಿ ಫೈಲ್ ಸಾಗಿಸುವ ವಿಧಾನ) ಮೂಲಕ ಕಂಪ್ಯೂಟರಿಗೆ ತಂದುಕೊಳ್ಳಿ. ಪೆಟ್ಟಿಗೆಯ ಸೀರಿಯಲ್ ನಂಬರನ್ನೇ ಫೈಲಿಗೆ ಹೆಸರಾಗಿ ಕೊಟ್ಟು ಎರಡು ಕಡೆ ಇಡಿ, ನಿಮಗೆ ನೀವೇ ಒಂದು ಮೇಲ್ ಕೂಡ ಕಳಿಸಿಕೊಳ್ಳಿ. ಐದು ನಿಮಿಷದ ಕೆಲಸ. ಆಮೇಲೆ ಬನ್ನಿ.

ಪ್ಲಗ್ ಹಾಕುವ ಮುಂಚೆ

ನಮ್ಮಲ್ಲಿರುವ ಹಳೇ ಎಕ್ಸ್‌ಬಾಕ್ಸ್‌ಗಳಲ್ಲಿ ಬಹಳಷ್ಟು ಹೊರದೇಶದಿಂದ ಸೂಟ್‌ಕೇಸಿನಲ್ಲಿ ಬಂದವು. ಅಮೆರಿಕದ್ದಾದರೆ ಅದರ ಪವರ್ ಸಪ್ಲೈ ಸುಮಾರು 120 ವೋಲ್ಟಿನದು. ನಮ್ಮ ಗೋಡೆಯಲ್ಲಿ ಬರೋದು 230. ನೇರವಾಗಿ ಚುಚ್ಚಿದರೆ ಪವರ್ ಸಪ್ಲೈ ಸುಟ್ಟೇ ಹೋಗುತ್ತದೆ. ಆಮೇಲೆ ಡಿಸ್ಕ್, ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಚಿಪ್ಪಿನಲ್ಲಿರುವ ಸಾಫ್ಟ್‌ವೇರ್) ಅಂತ ಹುಡುಕಿ ಪ್ರಯೋಜನ ಇಲ್ಲ. ಹಿಂದಿನ ಲೇಬಲ್ ಓದಿ. 120 ಅಂತಿದ್ದರೆ 200 ವ್ಯಾಟಿಗೆ ಕಡಿಮೆಯಿಲ್ಲದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಇನ್ನೊಂದು ಮಾತು. ಬೆಂಕಿಯ ಅಪಾಯ ಇದೆ ಅಂತ ಮೈಕ್ರೋಸಾಫ್ಟ್ 2005ರಲ್ಲಿ 1 ಕೋಟಿ 41 ಲಕ್ಷ ಪೆಟ್ಟಿಗೆಗಳಿಗೆ ಹೊಸ ಪವರ್ ಕಾರ್ಡ್ ಕೊಡುವುದಾಗಿ ಹೇಳಿತ್ತು. ಹಳೇ ಪೆಟ್ಟಿಗೆ ತೆರೆದಾಗ ಪವರ್ ಸಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿದೆಯಾ, ಕಪ್ಪಾಗಿದೆಯಾ ಅಂತ ನೋಡಿಬಿಡಿ. ವೈರ್ ಕಿತ್ತು ಕನಿಷ್ಠ ಹತ್ತು ನಿಮಿಷ ಬಿಟ್ಟೇ ಮುಚ್ಚಳ ತೆಗೆಯಿರಿ. ಪವರ್ ಸಪ್ಲೈ ಬೋರ್ಡನ್ನು ಕೈಯಿಂದ ಮುಟ್ಟಲೇಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ದೀಪ ಮತ್ತು ನಂಬರು

ಆನ್ ಮಾಡಿ, ಸುಮ್ನೆ ನೋಡಿ. ಏನನ್ನೂ ಬಿಚ್ಚಬೇಡಿ. ಡಿವಿಡಿ ಟ್ರೇ ಹೊರತೆಗೆಯುವ ಎಜೆಕ್ಟ್ ಬಟನ್ ಸುತ್ತಲಿನ ದೀಪದಲ್ಲಿ ಕಿತ್ತಳೆ ಬಣ್ಣ ಮಿನುಗಿದರೆ ಟಿವಿ ಕೇಬಲ್ ಸರಿ ಕೂತಿದೆಯಾ ನೋಡಿ. ಬರೀ ಕೆಂಪು ಮಿನುಗಿದರೆ ಬಿಸಿ ಜಾಸ್ತಿಯಾಗಿದೆ. ಕೆಂಪು ಹಸಿರು ಎರಡೂ ಒಂದಾದ ಮೇಲೊಂದು ಮಿನುಗಿದರೆ ಟಿವಿ ಕಡೆ ನೋಡಿ. ಪರದೆಯ ಎಡ ಮೂಲೆಯಲ್ಲಿ ನಂಬರು ಬಂದಿದ್ದರೆ ಬಯೋಸ್ ಬದುಕಿದೆ, ಅದೇ ನಿಮಗೆ ತೊಂದರೆ ಎಲ್ಲಿದೆ ಅಂತ ಹೇಳುತ್ತಿದೆ. ಪರದೆ ಪೂರ್ತಿ ಕಪ್ಪಾಗಿದ್ದು, ಪೆಟ್ಟಿಗೆ ತಾನೇ ಎರಡು ಮೂರು ಸಲ ಆಫ್ ಆಗಿ ಆನ್ ಆಗಿ ಕೊನೆಗೆ ಮಿನುಗಲು ಶುರುವಾದರೆ ಬಯೋಸೇ ಶುರುವಾಗಿಲ್ಲ. ಅದರ ವಿಷಯ ಕೊನೆಯಲ್ಲಿ ಬರುತ್ತದೆ.

ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಎಷ್ಟೋ ಜನ ಗಾಬರಿಯಲ್ಲಿ ಆಫ್ ಮಾಡಿ ಆಮೇಲೆ ನಂಬರು ಐದೋ ಆರೋ ನೆನಪಿಲ್ಲ ಅನ್ನುತ್ತಾರೆ. ಐದಕ್ಕೂ ಆರಕ್ಕೂ ತುಂಬಾ ವ್ಯತ್ಯಾಸ ಇದೆ.

05 ಅಂದರೆ ಡಿಸ್ಕಿಗೆ ಬೀಗವೇ ಇಲ್ಲ. ಕಂಪನಿಯ ಮೂಲ ಬಯೋಸ್ ಬೀಗ ಇಲ್ಲದ ಡಿಸ್ಕನ್ನು ಒಪ್ಪುವುದಿಲ್ಲ. 06 ಅಂದರೆ ಬೀಗ ಇದೆ, ಆದರೆ ಈ ಪೆಟ್ಟಿಗೆಯ ಕೀಲಿಯಿಂದ ತೆರೆಯುತ್ತಿಲ್ಲ. ಬೇರೆ ಪೆಟ್ಟಿಗೆಯ ಡಿಸ್ಕ್ ತಂದು ಹಾಕಿದ್ದರೆ ಇದೇ ಬರುತ್ತದೆ. ಎರಡರಲ್ಲೂ ಡಿಸ್ಕ್ ಆರೋಗ್ಯವಾಗಿದೆ ಅನ್ನೋದನ್ನು ಗಮನಿಸಿ. ಅದು ಮಾತಾಡುತ್ತಿದೆ, ಅದಕ್ಕೇ ಬೀಗದ ವಿಷಯ ಗೊತ್ತಾಗಿರೋದು.

07 ಅಂದರೆ ಡಿಸ್ಕ್ ಉತ್ತರ ಕೊಡಲು ತಡ ಮಾಡುತ್ತಿದೆ. 08 ಅಂದರೆ ಡಿಸ್ಕೇ ಕಾಣುತ್ತಿಲ್ಲ. 09 ಅಂದರೆ ಡಿಸ್ಕಿನ ಸೆಟ್ಟಿಂಗು ಹೊಂದುತ್ತಿಲ್ಲ. ಇವು ಮೂರರಲ್ಲೂ ನನ್ನ ಮೊದಲ ಅನುಮಾನ ಡಿಸ್ಕಿನ ಮೇಲಲ್ಲ, ಕೇಬಲ್ ಮೇಲೆ. 10ರಿಂದ 12ರವರೆಗೆ ಬಂದರೆ ಡಿವಿಡಿ ಡ್ರೈವ್ ಕಡೆ ನೋಡಿ. ಮೂಲ ಬಯೋಸಿಗೆ ಡಿವಿಡಿ ಡ್ರೈವ್ ಇರಲೇಬೇಕು, ಕಿತ್ತಿಟ್ಟು ಪರೀಕ್ಷೆ ಮಾಡಿದರೆ ಸುಮ್ಮನೆ ಇನ್ನೊಂದು ತಪ್ಪು ನಂಬರು ಬರುತ್ತದೆ. 13, 14 ಮತ್ತು 16 ಬಂದರೆ ಡಿಸ್ಕ್ ತೆರೆದಿದೆ, ಆದರೆ ಡ್ಯಾಶ್‌ಬೋರ್ಡ್ ಶುರುವಾಗುತ್ತಿಲ್ಲ.

ಇನ್ನೊಂದು ವಿಷಯ ಇದೆ, ಇದು ಗೊತ್ತಿಲ್ಲದೆ ಜನ ಒಳ್ಳೇ ಡಿಸ್ಕುಗಳನ್ನು ಬದಲಾಯಿಸುತ್ತಾ ಹೋಗುತ್ತಾರೆ. ಮಾಡ್‌ಚಿಪ್ ಇರುವ ಪೆಟ್ಟಿಗೆಗೆ ಬೀಗವಿಲ್ಲದ ದೊಡ್ಡ ಡಿಸ್ಕ್ ಹಾಕಿರುತ್ತಾರೆ. ಮಾಡ್ ಬಯೋಸಿಗೆ ಬೀಗ ಬೇಕಿಲ್ಲ, ಹಾಗಾಗಿ ವರ್ಷಗಟ್ಟಲೆ ಓಡುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ 05 ಬರುತ್ತದೆ. ಡಿಸ್ಕಿಗೆ ಏನೂ ಆಗಿಲ್ಲ! ಮಾಡ್‌ಚಿಪ್ಪಿನಿಂದ ಬೋರ್ಡಿಗೆ ಹೋಗುವ ಡಿ-ಸೊನ್ನೆ ಅನ್ನೋ ಒಂದು ಸಣ್ಣ ವೈರಿನ ಬೆಸುಗೆ ಬಿಟ್ಟಿರುತ್ತದೆ. ಆ ವೈರೇ ಮೂಲ ಬಯೋಸನ್ನು ತಡೆದು ಚಿಪ್ಪಿನ ಬಯೋಸ್ ಓದುವಂತೆ ಮಾಡುವುದು. ಅದು ಬಿಟ್ಟಾಗ ಪೆಟ್ಟಿಗೆ ಮೂಲ ಬಯೋಸಿಗೆ ಮರಳುತ್ತದೆ, ಅದು ಬೀಗ ಕೇಳುತ್ತದೆ. ಕೆಲವು ಚಿಪ್‌ಗಳಲ್ಲಿ ಪವರ್ ಬಟನ್ ಮುಟ್ಟಿ ಬಿಡುವುದಕ್ಕೂ ಒತ್ತಿ ಹಿಡಿಯುವುದಕ್ಕೂ ಅರ್ಥ ಬೇರೆ, ಒಂದರಲ್ಲಿ ಚಿಪ್ ಆಫ್ ಆಗುತ್ತದೆ. ಮೊದಲು ಎರಡು ರೀತಿಯಲ್ಲೂ ಆನ್ ಮಾಡಿ ನೋಡಿ. ಆಮೇಲೆ ಮುಚ್ಚಳ ತೆಗೆಯಿರಿ.

ಮುಚ್ಚಳ ತೆಗೆದ ಮೇಲೆ

ಹೊರಗಿನ ಆರು ಸ್ಕ್ರೂಗಳಿಗೆ ಟಾರ್ಕ್ಸ್ 20 ಸ್ಕ್ರೂಡ್ರೈವರ್ ಬೇಕು. ನಾಲ್ಕು ರಬ್ಬರ್ ಕಾಲಿನಡಿ ಇರುತ್ತವೆ, ಎರಡು ಲೇಬಲ್ಲಿನಡಿ. ಒಳಗೆ ಡಿಸ್ಕ್ ಮತ್ತು ಡಿವಿಡಿ ಟ್ರೇಗಳಿಗೆ ಟಾರ್ಕ್ಸ್ 10.

ಮೊದಲು ನೋಡಬೇಕಾದ್ದು ಡಿಸ್ಕನ್ನಲ್ಲ, ಗಡಿಯಾರದ ಕೆಪಾಸಿಟರನ್ನು. ಪ್ಲಗ್ ಕಿತ್ತಾಗಲೂ ಸ್ವಲ್ಪ ಹೊತ್ತು ಗಡಿಯಾರ ಓಡಲಿ ಅಂತ ಬೋರ್ಡಿನ ಮೇಲೆ 1 ಫ್ಯಾರಡ್‌ನ ದುಂಡನೆಯ ಕೆಪಾಸಿಟರ್ ಇಟ್ಟಿದ್ದಾರೆ. ಈ ಪೆಟ್ಟಿಗೆಯ ಮದರ್‌ಬೋರ್ಡಿಗೆ 1.0ರಿಂದ 1.6ರವರೆಗೆ ಆವೃತ್ತಿಗಳಿವೆ. 1.0ರಿಂದ 1.5ರವರೆಗಿನ ಬೋರ್ಡುಗಳಲ್ಲಿ ಈ ಕೆಪಾಸಿಟರ್ ಕಾಲ ಕಳೆದಂತೆ ಸೋರುತ್ತದೆ. ಸೋರಿದ ದ್ರವ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಮಂಗಳೂರು, ಕಾರವಾರದಂಥ ಕಡೆ ಗಾಳಿಯೇ ಒದ್ದೆ, ಅಲ್ಲಿ ತುಕ್ಕು ಇನ್ನೂ ಬೇಗ ಹರಡುತ್ತದೆ. ಹತ್ತಿರದಿಂದ ನೋಡಿ: ಕೆಪಾಸಿಟರಿನ ಬುಡದಲ್ಲಿ ಕಂದು ಅಂಟು, ಸುತ್ತ ಬೋರ್ಡಿನ ಹಸಿರು ಮಂಕಾಗಿ ಗುಳ್ಳೆ ಎದ್ದಂತಿರುತ್ತದೆ, ಮೂಸಿದರೆ ಮೀನಿನಂಥ ವಾಸನೆ ಬರಬಹುದು. ಪೆಟ್ಟಿಗೆ ತಾನೇ ಆನ್ ಆಗುವುದು, ಬಟನ್ ಒತ್ತಿದರೂ ಆನ್ ಆಗದೇ ಇರುವುದು, ಇವೆಲ್ಲ ಇದರ ಲಕ್ಷಣಗಳೇ. ಕೆಪಾಸಿಟರ್ ತೆಗೆದುಬಿಡಿ. ಆ ಜಾಗವನ್ನು ಹಳೇ ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಉಜ್ಜಿ. ಅದಿಲ್ಲದೆಯೂ ಪೆಟ್ಟಿಗೆ ಓಡುತ್ತದೆ, ಪ್ಲಗ್ ಕಿತ್ತಾಗ ಟೈಮ್ ಮರೆಯುತ್ತದೆ ಅಷ್ಟೇ. 1.6 ಬೋರ್ಡಿನಲ್ಲಿ ಬೇರೆ ಕೆಪಾಸಿಟರ್ ಇದೆ, ಅದು ಸಾಮಾನ್ಯವಾಗಿ ಸೋರುವುದಿಲ್ಲ.

ಟೈಮ್ ಮರೆಯುವುದಕ್ಕೂ 16ನೇ ನಂಬರಿಗೂ ಸಂಬಂಧ ಇದೆ. ಗಡಿಯಾರ ಸೊನ್ನೆಗೆ ಬಂದಾಗ ಪೆಟ್ಟಿಗೆ ಟೈಮ್ ಕೇಳಲು ಕಂಪನಿಯ ಮೂಲ ಡ್ಯಾಶ್‌ಬೋರ್ಡ್ ತೆರೆಯಲು ಹೋಗುತ್ತದೆ. ಸಾಫ್ಟ್‌ಮಾಡ್ (ಚಿಪ್ ಇಲ್ಲದೆ ಸಾಫ್ಟ್‌ವೇರಿನಿಂದಲೇ ಮಾಡುವ ಮಾಡ್) ಮಾಡುವಾಗ ಆ ಫೈಲುಗಳನ್ನು ಯಾರೋ ಅಳಿಸಿದ್ದರೆ ಅಥವಾ ಬದಲಿಸಿದ್ದರೆ 16 ಬಂದು ನಿಲ್ಲುತ್ತದೆ. ಸಾಫ್ಟ್‌ಮಾಡಿಗೆ ಬಳಸಿದ ಆಟದ ಡಿವಿಡಿ ಇದ್ದು, ಅದರ ಸೇವ್ ಹಾರ್ಡ್ ಡಿಸ್ಕಿನ 'ಇ' ವಿಭಾಗದಲ್ಲಿ ಇನ್ನೂ ಉಳಿದಿದ್ದರೆ, ಅದರ ಮೂಲಕವೇ ಒಳಗೆ ಹೋಗಿ ಸಿ ವಿಭಾಗಕ್ಕೆ ಮೂಲ ಡ್ಯಾಶ್‌ಬೋರ್ಡ್ ಫೈಲುಗಳನ್ನು ವಾಪಸ್ ಹಾಕಿ, ಟೈಮ್ ಸರಿ ಮಾಡಿ. ಡಿವಿಡಿ ಡ್ರೈವ್ ಕೆಟ್ಟಿದ್ದರೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಬೀಗ ತೆಗೆದು ಸರಿಮಾಡಬೇಕು. ಅಲ್ಲಿಗೂ ಈಪ್ರಾಮ್ ಕಾಪಿಯೇ ಬೇಕು. 13, 14 ಬಂದಾಗ ಹೆಚ್ಚಾಗಿ ಫೈಲಿನ ಹೆಸರಿನದೇ ತೊಂದರೆ. ಉದಾಹರಣೆಗೆ ಇವೊಎಕ್ಸ್ ಅನ್ನೋ ಮಾಡ್ ಬಯೋಸ್ ಸಿ ವಿಭಾಗದಲ್ಲಿ ಇವೊಎಕ್ಸ್‌ಡ್ಯಾಶ್ ಅನ್ನೋ ಹೆಸರಿನ ಫೈಲನ್ನೇ ಮೊದಲು ಹುಡುಕುತ್ತದೆ.

ಈಗ ಕೇಬಲ್. ಇಪ್ಪತ್ತು ವರ್ಷದ ಐಡಿಇ ಪಟ್ಟಿ ಕೇಬಲ್ ಮಡಿಕೆಯಲ್ಲಿ ಒಳಗೇ ಮುರಿದಿರುತ್ತದೆ, ಹೊರಗೆ ಕಾಣುವುದಿಲ್ಲ. 07, 08 ಬಂದಾಗ ಎರಡೂ ತುದಿ ಕಿತ್ತು ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿ. ಆಗಲೂ ಬರದಿದ್ದರೆ ಕೇಬಲ್ ಬದಲಾಯಿಸಿ. ಹಳೇ ಪಿಸಿಯ 80 ವೈರಿನ ಐಡಿಇ ಕೇಬಲ್ ಸರಿಯಾಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಹಾರ್ಡ್ ಡಿಸ್ಕಿಗೆ, ನಡುವಿನ ಬೂದು ಡಿವಿಡಿಗೆ. ಡಿಸ್ಕಿನ ಜಂಪರ್ (ಹಿಂದಿನ ಪಿನ್ನುಗಳ ಮೇಲೆ ಕೂರುವ ಪುಟ್ಟ ಕ್ಯಾಪ್) ಮಾಸ್ಟರ್‌ನಲ್ಲಿರಲಿ. ನಮ್ಮ ಪೆಟ್ಟಿಗೆಯಲ್ಲಿ ಕೊನೆಗೆ ಸಿಕ್ಕಿದ್ದೂ ಇದೇ: ಬೇರೆ ಡಿಸ್ಕ್ ಹಾಕಿದರೂ 07 ಬಂತು, ಕೇಬಲ್ ಬದಲಿಸಿದ ಕೂಡಲೇ ಹೋಯಿತು.

ಕೇಬಲ್ ಬದಲಿಸಿಯೂ ಡಿಸ್ಕ್ ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ, ಆಗ ಮಾತ್ರ ಅದು ನಿಜವಾಗಿ ಹೋಗಿದೆ.

ಈಪ್ರಾಮ್ ಕಾಪಿ ಇಲ್ಲದಿದ್ದರೆ

ಬಹಳ ಜನ ಇಲ್ಲಿಗೆ ಬಂದು ಕೈಚೆಲ್ಲುತ್ತಾರೆ. ಕೈಚೆಲ್ಲಬೇಡಿ, ಚಿಪ್ಪನ್ನೇ ನೇರವಾಗಿ ಓದಬಹುದು. ರಾಸ್‌ಬೆರಿ ಪೈ ಒಂದಿದ್ದರೆ ಸಾಕು. ಈಪ್ರಾಮ್ ಎರಡು ಗೆರೆಗಳ ಮೇಲೆ ಮಾತಾಡುತ್ತದೆ, ಒಂದು ಡೇಟಾ, ಒಂದು ಕ್ಲಾಕ್. ಅವೆರಡಕ್ಕೂ, ಗ್ರೌಂಡಿಗೂ ಸೇರಿ ಮೂರು ವೈರ್ ಕೊಟ್ಟು ಪೈಪ್ರಾಮ್ ಅನ್ನೋ ಸಾಫ್ಟ್‌ವೇರಿನಿಂದ ಓದಬೇಕು. ಈ ಜಾಗ ಬೋರ್ಡಿನ ಆವೃತ್ತಿಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ನಿಮ್ಮ ಆವೃತ್ತಿಯ ಚಿತ್ರವನ್ನೇ ಮುಂದಿಟ್ಟುಕೊಳ್ಳಿ. ಪೈ 3.3 ವೋಲ್ಟಿನಲ್ಲಿ ಮಾತಾಡುತ್ತದೆ, ಎಕ್ಸ್‌ಬಾಕ್ಸಿನ ಈ ಗೆರೆಗಳೂ ಅಷ್ಟೇ. 5 ವೋಲ್ಟಿನ ಬೋರ್ಡುಗಳನ್ನು ನೇರವಾಗಿ ಹಚ್ಚಬೇಡಿ.

ಎರಡು ಸಲ ಓದಿ, ಎರಡು ಫೈಲೂ ಒಂದೇ ಇದೆಯಾ ಹೋಲಿಸಿ. ಫೈಲ್ ಸರಿಯಾಗಿ 256 ಬೈಟ್ ಇರಬೇಕು. ಒಳಗೆಲ್ಲ ಬರೀ ಸೊನ್ನೆಯೋ ಒಂದೇ ಅಕ್ಷರವೋ ತುಂಬಿದ್ದರೆ ವೈರ್ ತಾಗಿಲ್ಲ ಅಂತ.

ಹಿಂದೆ ಹಾಟ್‌ಸ್ವಾಪ್ ಅಂತ ಮಾಡುತ್ತಿದ್ದರು. ಪೆಟ್ಟಿಗೆ ಆನ್ ಮಾಡಿ, ಅದು ಬೀಗ ತೆಗೆದ ಮೇಲೆ, ಕರೆಂಟ್ ಇರುವಾಗಲೇ ಡಿಸ್ಕಿನ ಡೇಟಾ ಕೇಬಲ್ ಕಿತ್ತು ಕಂಪ್ಯೂಟರಿಗೆ ಹಾಕುವುದು. ಆಗುತ್ತದೆ ನಿಜ. ಆದರೆ ಒಂದು ಕ್ಷಣ ಕೈ ತಪ್ಪಿದರೂ ಪೆಟ್ಟಿಗೆ, ಡಿಸ್ಕ್, ಕಂಪ್ಯೂಟರ್ ಮೂರೂ ಹೋಗಬಹುದು. ಪೈ ಸಿಗುವ ಕಾಲದಲ್ಲಿ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಡಿಸ್ಕಿಗೆ ಹಿಂದೆ ಯಾರಾದರೂ ಮಾಡಿಂಗ್ ಸಾಫ್ಟ್‌ವೇರಿನಿಂದ ಬೀಗ ಹಾಕಿದ್ದರೆ ಇನ್ನೊಂದು ದಾರಿಯೂ ಇದೆ. ಆ ಸಾಫ್ಟ್‌ವೇರುಗಳು ಹೆಚ್ಚಾಗಿ ಟೀಮ್‌ಅಸೆಂಬ್ಲಿ ಅಥವಾ ಎಕ್ಸ್‌ಬಾಕ್ಸ್‌ಸೀನ್ ಅನ್ನೋ ಪದವನ್ನು ಮಾಸ್ಟರ್ ಪಾಸ್‌ವರ್ಡ್ ಆಗಿ ಇಡುತ್ತಿದ್ದವು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಪ್ರಯತ್ನಿಸಿ. ಎರಡು ಮೂರು ಸಲ ತಪ್ಪಿದರೆ ಡಿಸ್ಕಿನ ಪವರ್ ಕಿತ್ತು ಮತ್ತೆ ಹಾಕಿ.

ಹೊಸ ಡಿಸ್ಕ್ ಹಾಕುವಾಗ

ಈಗ ಐಡಿಇ ಡಿಸ್ಕ್ ಹುಡುಕುವುದಕ್ಕಿಂತ ಸಾಟಾ (ಐಡಿಇ ನಂತರ ಬಂದ ಜೋಡಣೆಯ) ಡಿಸ್ಕ್ ಅಥವಾ ಎಸ್‌ಎಸ್‌ಡಿಗೆ ಅಡಾಪ್ಟರ್ ಹಾಕುವುದೇ ಸುಲಭ. ಅಡಾಪ್ಟರ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ತೀರಾ ಅಗ್ಗದ್ದು ಹಾಕಿದರೆ ಒಂದು ದಿನ 07, ಇನ್ನೊಂದು ದಿನ ಸರಿ, ಮತ್ತೆ ಆಟದ ನಡುವೆ ಸ್ತಬ್ಧ, ಹೀಗೆ ಕಾಡುತ್ತದೆ. ಸಾಟಾ ಹಾಕಿದಾಗ 80 ವೈರಿನ ಕೇಬಲ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಸರ್ಬಿಯೋಸ್‌ನಂಥ ಹೊಸ ಬಯೋಸಿನಲ್ಲಿ ಯುಡಿಎಂಎ, ಅಂದರೆ ಡಿಸ್ಕಿನ ಡೇಟಾ ಸಾಗುವ ವೇಗ, ಏರಿಸುವ ಸೆಟ್ಟಿಂಗ್ ಇದೆ. ಹಳೇ 40 ವೈರಿನ ಕೇಬಲ್ಲಿನಲ್ಲಿ ಅದನ್ನು 2ಕ್ಕಿಂತ ಮೇಲೆ ಏರಿಸಬೇಡಿ.

ಸಾಫ್ಟ್‌ಮಾಡ್ ಪೆಟ್ಟಿಗೆಯಾದರೆ ಹೊಸ ಡಿಸ್ಕಿಗೂ ಬೀಗ ಹಾಕಲೇಬೇಕು. ಯಾಕಂದ್ರೆ ಅಲ್ಲಿ ಮೊದಲು ಏಳುವುದು ಮೂಲ ಬಯೋಸೇ. ಎಲ್ಲ ಹೊಸ ಡಿಸ್ಕುಗಳೂ ಈ ಬೀಗದ ಸೌಲಭ್ಯ ಕೊಡುವುದಿಲ್ಲ, ಕೊಳ್ಳುವ ಮುಂಚೆ ವಿಚಾರಿಸಿ. ಹಳೇ ಡಿಸ್ಕ್ ಇನ್ನೂ ಓಡುತ್ತಿದ್ದರೆ ಚಿಂಪ್ ಅನ್ನೋ ಸಾಫ್ಟ್‌ವೇರ್ ಪೆಟ್ಟಿಗೆಯ ಒಳಗೇ ಹಳೆಯದರಿಂದ ಹೊಸದಕ್ಕೆ ಕಾಪಿ ಮಾಡಿ ಬೀಗವನ್ನೂ ಹಾಕಿಕೊಡುತ್ತದೆ. ಹಳೆಯದು ಸತ್ತಿದ್ದು ಈಪ್ರಾಮ್ ಫೈಲ್ ಇದ್ದರೆ ವಿಂಡೋಸಿನಲ್ಲಿ ಫ್ಯಾಟ್‌ಎಕ್ಸ್‌ಪ್ಲೋರರ್ ಬಳಸಿ ಡಿಸ್ಕ್ ತಯಾರು ಮಾಡಬಹುದು.

ಡಿಸ್ಕ್ ದೊಡ್ಡದಾದಷ್ಟೂ ಕ್ಲಸ್ಟರ್, ಅಂದರೆ ಫೈಲಿಗೆ ಜಾಗ ಹಂಚುವ ಅತಿ ಚಿಕ್ಕ ತುಂಡು, ಎಷ್ಟು ದೊಡ್ಡದು ಅನ್ನೋ ಲೆಕ್ಕ ಮುಖ್ಯ. ಸಿ, ಇ, ಎಕ್ಸ್, ವೈ, ಝಡ್ ವಿಭಾಗಗಳು ಮೊದಲ 8 ಜಿಬಿಯಲ್ಲೇ ಮುಗಿಯುತ್ತವೆ. ಉಳಿದ ಜಾಗ ಎಫ್‌ಗೆ, ಬೇಕಾದರೆ ಜಿಗೆ. ಎಫ್ 256 ಜಿಬಿ ಒಳಗಿದ್ದರೆ 16 ಕೆಬಿ ಕ್ಲಸ್ಟರ್, 512ರ ತನಕ 32, 1 ಟಿಬಿ ತನಕ 64. ಹಳೇ ಡ್ಯಾಶ್‌ಬೋರ್ಡುಗಳಿಂದ ಫಾರ್ಮ್ಯಾಟ್ ಮಾಡಿದರೆ ಎಷ್ಟು ದೊಡ್ಡ ಡಿಸ್ಕಾದರೂ 16 ಕೆಬಿಯೇ ಹಾಕಿಬಿಡುತ್ತವೆ. ಶುರುವಿನಲ್ಲಿ ಎಲ್ಲ ಚೆನ್ನಾಗೇ ಇರುತ್ತದೆ. ಡಿಸ್ಕ್ ತುಂಬುತ್ತಾ ಬಂದಾಗ ಹೊಸ ಫೈಲುಗಳು ಹಳೆಯವುಗಳ ಮೇಲೆ ಕೂತು ಎಲ್ಲ ಕೆಡುತ್ತದೆ. ಎಕ್ಸ್‌ಬಿಪಾರ್ಟಿಷನರ್ 1.3 ಬಳಸಿದರೆ ಸರಿಯಾದ ಗಾತ್ರ ಅದೇ ಆರಿಸುತ್ತದೆ. 500 ಜಿಬಿ ಡಿಸ್ಕ್ ಹಾಕಿದರೂ ಎಫ್ 130 ಜಿಬಿ ಆಸುಪಾಸಿನಲ್ಲೇ ನಿಂತಿದೆಯಾ? ನಿಮ್ಮ ಬಯೋಸ್ 137 ಜಿಬಿಗಿಂತ ಆಚೆ ನೋಡದ ಹಳೇದು. ಮೊದಲು ಬಯೋಸ್ ಬದಲಿಸಿ, ಆಮೇಲೆ ವಿಭಾಗ ಮಾಡಿ.

ಬಯೋಸೇ ಏಳದಿದ್ದರೆ

ಕಪ್ಪು ಪರದೆ, ಮೂರು ಸಲದ ಪ್ರಯತ್ನ, ಆಮೇಲೆ ಕೆಂಪು ಹಸಿರು. ಪವರ್ ನೋಡಿಕೊಳ್ಳುವ ಒಂದು ಸಣ್ಣ ಚಿಪ್ ಬಯೋಸಿನಿಂದ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದಿದ್ದರೆ ಪೆಟ್ಟಿಗೆಯನ್ನು ರೀಸೆಟ್ ಮಾಡುತ್ತದೆ. ಮೂರನೇ ಸಲವೂ ಬರದಿದ್ದರೆ ದೀಪ ಮಿನುಗಿಸಿ ಸುಮ್ಮನಾಗುತ್ತದೆ.

ಮಾಡ್‌ಚಿಪ್ ಇದ್ದರೆ ಮೊದಲು ಅದನ್ನು ಪೂರ್ತಿ ತೆಗೆದು, ಡಿ-ಸೊನ್ನೆ ವೈರನ್ನೂ ಬಿಡಿಸಿ ಆನ್ ಮಾಡಿ. 1.0ರಿಂದ 1.5ರ ಬೋರ್ಡಾಗಿದ್ದು ಈಗ ಲೋಗೋ ಬಂದರೆ, 05 ಬಂದು ನಿಂತರೂ ಸರಿಯೇ, ಬೋರ್ಡ್ ಚೆನ್ನಾಗಿದೆ. ತೊಂದರೆ ಚಿಪ್ಪಿನಲ್ಲೋ ಅದನ್ನು ಕೂರಿಸಿದ, ಎಲ್‌ಪಿಸಿ ಅನ್ನೋ ಪಿನ್ನುಗಳ ಸಾಲಿನ ಬೆಸುಗೆಯಲ್ಲೋ ಇದೆ. ಪ್ರತಿ ಪಿನ್ನನ್ನೂ ಮಲ್ಟಿಮೀಟರಿನಲ್ಲಿ ಬೀಪ್ ಮಾಡಿ ನೋಡಿ. ಪಕ್ಕದ ಪಿನ್ನಿಗೆ ಬೆಸುಗೆ ಹರಿದು ಅಂಟಿರುವುದೇ ಜಾಸ್ತಿ.

ಬೋರ್ಡಿನ ಮೇಲಿನ ಫ್ಲ್ಯಾಶ್ ಚಿಪ್ಪಿಗೇ, ಅಂದರೆ ಟಿಎಸ್‌ಒಪಿಗೆ, ಹೊಸ ಬಯೋಸ್ ಬರೆದಿದ್ದರೆ ಆವೃತ್ತಿ ನೋಡಿಕೊಳ್ಳಬೇಕು. 1.0 ಮತ್ತು 1.1ರಲ್ಲಿ ಆ ಚಿಪ್ 1 ಎಂಬಿ. 1.2ರಿಂದ 1.5ರವರೆಗೆ 256 ಕೆಬಿ. 1.6ರಲ್ಲಿ ಟಿಎಸ್‌ಒಪಿಯೇ ಇಲ್ಲ, ಅದಕ್ಕೆ ಮಾಡ್‌ಚಿಪ್ ಅಥವಾ ಸಾಫ್ಟ್‌ಮಾಡ್ ಎರಡೇ ದಾರಿ. ಮಾಡ್‌ಚಿಪ್ ಹಾಕುವುದಾದರೂ ಎಲ್‌ಪಿಸಿಯ ಕೆಲವು ಗೆರೆಗಳನ್ನು ವೈರ್ ಎಳೆದು ಮತ್ತೆ ಜೋಡಿಸಬೇಕು. 1.6ರ ವಿಡಿಯೋ ಚಿಪ್ ಕೂಡ ಬೇರೆ, ಅದನ್ನು ಬಲ್ಲ ಬಯೋಸೇ ಬೇಕು. ಗುರುತು ಬೇಕಾದರೆ, ಗ್ರಾಫಿಕ್ಸ್ ಚಿಪ್ಪಿನ ಮೇಲೆ ಪ್ರತ್ಯೇಕ ಪುಟ್ಟ ಫ್ಯಾನ್ ಇದ್ದರೆ ಅದು 1.0.

ಟಿಎಸ್‌ಒಪಿ ಬರೆಯುವಾಗ ಕೆಟ್ಟುಹೋಗಿದ್ದರೆ ಒಂದು ಅಗ್ಗದ ಮಾಡ್‌ಚಿಪ್ ಸಾಲ ತಂದಾದರೂ ಸರಿಪಡಿಸಬಹುದು. ಚಿಪ್ಪಿನಿಂದ ಪೆಟ್ಟಿಗೆ ಆನ್ ಮಾಡಿ. ಫ್ಲ್ಯಾಶ್ ಮಾಡುವ ಸಾಫ್ಟ್‌ವೇರ್ ತೆರೆದ ಮೇಲೆ, ಓಡುತ್ತಿರುವಾಗಲೇ ಡಿ-ಸೊನ್ನೆಯನ್ನು ಬಿಡಿಸಿ. ಇದಕ್ಕೆ ಮುಂಚೆಯೇ ಆ ವೈರಿಗೆ ಒಂದು ಸಣ್ಣ ಸ್ವಿಚ್ ಹಾಕಿಟ್ಟುಕೊಳ್ಳಿ, ಓಡುವ ಬೋರ್ಡಿನ ಮೇಲೆ ಬೆಸುಗೆ ಕಡ್ಡಿ ಆಡಿಸಬೇಡಿ. ಈಗ ಬರೆದದ್ದು ಟಿಎಸ್‌ಒಪಿಗೆ ಹೋಗುತ್ತದೆ. ಬರೆಯಲು ಅನುಮತಿ ಕೊಡುವ ಎರಡು ಜೋಡಿ ಬಿಂದುಗಳು ಬೆಸೆದೇ ಇರಬೇಕು. ಫೈಲಿನ ಗಾತ್ರ ಮತ್ತು ಎಂಡಿ5 (ಫೈಲ್ ಕೆಟ್ಟಿಲ್ಲ ಅಂತ ತಿಳಿಸುವ ಗುರುತು ಸಂಖ್ಯೆ) ಮೊದಲೇ ಹೊಂದಿಸಿ ನೋಡಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಅಲ್ವಾ?

ಸರಿಯಾಗಿ ಎದ್ದ ಮೇಲೆ ಮುಚ್ಚಳ ಹಾಕದೆ ಒಂದು ಗಂಟೆ ಓಡಲು ಬಿಡಿ. ಎಫ್‌ಟಿಪಿಯಲ್ಲಿ ಒಂದು ದೊಡ್ಡ ಫೈಲ್ ಕಳಿಸಿ, ವಾಪಸ್ ತಂದು, ಎರಡೂ ಒಂದೇ ಇದೆಯಾ ಹೋಲಿಸಿ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ, ಟೈಮ್ ಕೇಳಿದರೆ ಕೊಡಿ. ಆಮೇಲೆ ಹೊಸ ಡಿಸ್ಕಿನ ಮಾಡೆಲ್, ಬಯೋಸಿನ ಹೆಸರು, ಬೋರ್ಡಿನ ಆವೃತ್ತಿ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಡಿಸ್ಕ್ ಟ್ರೇಯ ಮೇಲೆ ಅಂಟಿಸಿ, ಆರು ಸ್ಕ್ರೂ ಬಿಗಿಯಿರಿ.